ನದಿಯ ಪರೀಕ್ಷೆಯೂ ಹೆಸರಿನ ಆಳವೂ



ಹರಿಯುವ ನೀರು ಶುದ್ಧವಾಗಿದೆಯೋ ಕೆಟ್ಟಿದೆಯೋ ಎಂಬುದನ್ನು ನಿರ್ಣಯಿಸಲು ಆ ನೀರನ್ನು ಸೀಸೆಯಲ್ಲಿ ತುಂಬಿಕೊಂಡು ಪ್ರಯೋಗಶಾಲೆಗೆ ಒಯ್ದು, ಅದರಲ್ಲಿ ಕರಗಿರುವ ಆಮ್ಲಜನಕವೆಷ್ಟು, ಅಮೋನಿಯವೆಷ್ಟು, ಲವಣಗಳೆಷ್ಟು ಎಂದು ಅಳೆಯುವುದು ನಮಗೆಲ್ಲ ಪರಿಚಿತವಾದ ಮಾರ್ಗ. ಆ ಮಾರ್ಗ ಅವಶ್ಯವಾದುದೇ ಸರಿ; ಆದರೆ ಸೀಸೆಯ ನೀರು ತಾನು ಸೀಸೆಯನ್ನು ಸೇರಿದ ಕ್ಷಣದ ಸಂಗತಿಯನ್ನು ಮಾತ್ರ ಹೇಳಬಲ್ಲುದಲ್ಲದೆ, ಹಿಂದಿನ ರಾತ್ರಿ ಯಾವುದೋ ಕಾರ್ಖಾನೆಯ ಕೊಳವೆಯಿಂದ ಬಂದು ಬೆಳಗಾಗುವಷ್ಟರಲ್ಲಿ ಹರಿದುಹೋದ ವಿಷದ ವಿಚಾರವನ್ನು ಹೇಳಲಾರದು. ಅದನ್ನು ಹೇಳಬಲ್ಲವು ನದಿಯ ತಳದಲ್ಲಿ ಕಲ್ಲಿನ ಅಡಿಗೂ ಕೆಸರಿನ ಒಳಕ್ಕೂ ಅಡಗಿಕೊಂಡು, ಹೋಗಲು ಬೇರೆ ಎಡೆಯಿಲ್ಲದೆ, ತಿಂಗಳುಗಟ್ಟಲೆ ಅಲ್ಲಿಯೇ ಬಾಳುವ ಸಣ್ಣ ಪ್ರಾಣಿಗಳು: ಕೀಟಗಳ ಡಿಂಭಗಳು, ಬಸವನಹುಳುಗಳು, ಜಿಗಣೆಗಳು, ಎರೆಹುಳುವಿನ ಬಂಧುಗಳಾದ ಜಲಕೃಮಿಗಳು. ಯಾವ ಪ್ರಾಣಿಗಳು ಅಲ್ಲಿ ಉಳಿದಿವೆ, ಇರಬೇಕಾಗಿದ್ದ ಯಾವುವು ಕಾಣದಾಗಿವೆ ಎಂಬುದನ್ನು ನೋಡಿ ನೀರಿನ ಸ್ಥಿತಿಯನ್ನು ತಿಳಿಯುವ ವಿದ್ಯೆಗೆ ಜಲಮೂಲಗಳ ಜೈವಿಕ ಪರಿವೀಕ್ಷಣೆ ಎಂದು ಹೆಸರು.

ಈ ವಿದ್ಯೆಯೊಳಗಿನ ಒಂದೇ ಒಂದು ಪ್ರಶ್ನೆಯನ್ನು ಇಂದು ತಮ್ಮ ಮುಂದಿಡಲು ಅಪೇಕ್ಷಿಸುತ್ತೇನೆ. ಪರೀಕ್ಷಕನು ನದಿಯಲ್ಲಿ ನಿಂತು, ಪ್ರವಾಹಕ್ಕೆ ಎದುರಾಗಿ ಬಲೆಯನ್ನು ಹಿಡಿದು, ಅದರ ಮುಂದಿನ ಕಲ್ಲುಗಳನ್ನು ಕಾಲಿನಿಂದ ಕದಡಿ, ಬಲೆಯೊಳಕ್ಕೆ ಬಂದುದನ್ನೆಲ್ಲ ಬಿಳಿಯ ತಟ್ಟೆಯಲ್ಲಿ ಸುರಿದುಕೊಂಡನೆಂದು ಇಟ್ಟುಕೊಳ್ಳೋಣ. ತಟ್ಟೆಯಲ್ಲಿ ನೂರಾರು ಜೀವಿಗಳು ಅಲುಗಾಡುತ್ತಿವೆ. ಅವುಗಳಿಗೆ ಅವನು ಎಷ್ಟು ಆಳದವರೆಗೆ ಹೆಸರಿಡಬೇಕು? ಜೀವಿಗಳ ವರ್ಗೀಕರಣದಲ್ಲಿ ಗಣ, ಕುಟುಂಬ, ಕುಲ, ಪ್ರಭೇದ ಎಂಬ ಮೆಟ್ಟಿಲುಗಳಿರುವುದಷ್ಟೆ. ಇದು ಮೇಫ್ಲೈ ಎಂಬ ಅಲ್ಪಾಯು ಕೀಟಗಳ ಗಣಕ್ಕೆ ಸೇರಿದ್ದು ಎಂದಷ್ಟೇ ಬರೆದು ಮುಂದಕ್ಕೆ ಹೋಗಬಹುದು. ಇನ್ನೊಂದು ಮೆಟ್ಟಿಲು ಇಳಿದು ಬೀಟಿಡೀ ಕುಟುಂಬದ್ದು ಎನ್ನಬಹುದು. ಮತ್ತೊಂದು ಇಳಿದು ಬೀಟಿಸ್ ಕುಲದ್ದೆಂದೂ, ಕೊನೆಯ ಮೆಟ್ಟಿಲಿನಲ್ಲಿ ಬೀಟಿಸ್ ರೊಡಾನಿ ಎಂಬ ಪ್ರಭೇದವೆಂದೂ ನಿಶ್ಚಯಿಸಬಹುದು. ಮೊದಲನೆಯದಕ್ಕೆ ಒಂದು ಕೈಮಸೂರವೂ ಒಂದು ನಿಮಿಷವೂ ಸಾಕು. ಕೊನೆಯದಕ್ಕೆ ಸೂಕ್ಷ್ಮದರ್ಶಕ, ಗ್ರಂಥಗಳು, ವರ್ಷಗಳ ಅಭ್ಯಾಸ ಇವೆಲ್ಲ ಬೇಕಾಗುತ್ತವೆ. ಯಾವ ಮೆಟ್ಟಿಲಿನಲ್ಲಿ ನಿಂತರೆ ಸಾಕು ಎಂಬ ಈ ವಿಚಾರ ಕಾರ್ಯಾಲಯದ ಖರ್ಚುವೆಚ್ಚಕ್ಕೆ ಮಾತ್ರ ಸಂಬಂಧಿಸಿದ್ದೆಂದು ಮೇಲುನೋಟಕ್ಕೆ ತೋರಬಹುದು. ಆದರೆ ನದಿಯ ಮೇಲೆ ನಾವು ಕೊಡುವ ತೀರ್ಪು ನ್ಯಾಯವಾಗುವುದೂ ಅನ್ಯಾಯವಾಗುವುದೂ ಇದರ ಮೇಲೆಯೇ ನಿಂತಿದೆ.

ಈ ವಿದ್ಯೆಗೆ ಕ್ರಮಬದ್ಧವಾದ ಅಡಿಪಾಯ ಹಾಕಿದವರು ಜರ್ಮನಿಯ ಕೋಲ್ಕ್‌ವಿಟ್ಸ್ ಮತ್ತು ಮಾರ್ಸೋನ್ ಎಂಬ ವಿದ್ವಾಂಸರು. 1902ರಲ್ಲಿ ಆರಂಭವಾದ ಅವರ ಬರವಣಿಗೆ 1908ರಲ್ಲಿ ಸಸ್ಯಗಳನ್ನೂ 1909ರಲ್ಲಿ ಪ್ರಾಣಿಗಳನ್ನೂ ಕುರಿತ ದೀರ್ಘ ಪಟ್ಟಿಗಳಾಗಿ ಪೂರ್ಣಗೊಂಡಿತು. ಊರಿನ ಕೊಳಚೆ ನದಿಯನ್ನು ಸೇರಿದ ಎಡೆಯಿಂದ ಕೆಳಕ್ಕೆ ಹೋದಂತೆಲ್ಲ ನೀರು ಕ್ರಮವಾಗಿ ತಾನೇ ಶುದ್ಧಿಗೊಳ್ಳುವುದನ್ನೂ, ಶುದ್ಧಿಯ ಒಂದೊಂದು ಹಂತದಲ್ಲಿಯೂ ಬೇರೆಬೇರೆ ಜೀವಿಗಳು ನೆಲೆಸುವುದನ್ನೂ ಗಮನಿಸಿ, ಯಾವ ಜೀವಿ ಯಾವ ಹಂತಕ್ಕೆ ಸೇರಿದ್ದೆಂದು ಅವರು ನಿರ್ದೇಶಿಸಿದರು. ಅವರ ಪಟ್ಟಿಗಳಲ್ಲಿದ್ದವು ಬಹುಮಟ್ಟಿಗೆ ಪ್ರಭೇದಗಳ ಹೆಸರುಗಳು. ಆ ಪರಂಪರೆ ಜರ್ಮನಿಯಲ್ಲಿಯೂ ಆಸ್ಟ್ರಿಯದಲ್ಲಿಯೂ ಇಂದಿನವರೆಗೆ ಮುಂದುವರಿದು ಬಂದಿದೆ. ಅದು ಸಾಧ್ಯವಾದುದಕ್ಕೆ ಕಾರಣವನ್ನೂ ಇಲ್ಲಿಯೇ ಹೇಳಬೇಕು: ಮಧ್ಯ ಯೂರೋಪಿನ ನದಿಗಳ ಪ್ರಾಣಿಗಳನ್ನು ತಲೆಮಾರುಗಳಿಂದ ವಿದ್ವಾಂಸರೂ ಹವ್ಯಾಸಿಗಳೂ ಹೆಸರಿಸಿ, ಚಿತ್ರಿಸಿ, ಗ್ರಂಥಸ್ಥಮಾಡಿ ಇಟ್ಟಿದ್ದರು. ಕೈಗೆ ಸಿಕ್ಕಿದ ಹುಳುವಿನ ಹೆಸರನ್ನು ಹುಡುಕಲು ಹೊರಟವನಿಗೆ ಹುಡುಕಲು ಪುಸ್ತಕವಾದರೂ ಇತ್ತು.

ಬ್ರಿಟನ್ ಬೇರೊಂದು ದಾರಿಯನ್ನು ಹಿಡಿಯಿತು. ಅಲ್ಲಿ ಟ್ರೆಂಟ್ ನದಿಯ ಸಲುವಾಗಿ ವುಡಿವಿಸ್ 1964ರಲ್ಲಿ ಪ್ರಕಟಿಸಿದ ಸೂಚ್ಯಂಕದಲ್ಲಿ ಕೆಲವು ಪ್ರಾಣಿಗಳನ್ನು ಪ್ರಭೇದದವರೆಗೆ, ಕೆಲವನ್ನು ಕುಟುಂಬದವರೆಗೆ ಮಾತ್ರ ಗುರುತಿಸುವ ಮಿಶ್ರಪದ್ಧತಿ ಇತ್ತು. ಅನಂತರ ಇಡೀ ದೇಶಕ್ಕೆ ಸಮಾನವಾಗಿ ಅನ್ವಯಿಸುವ ಕ್ರಮವೊಂದು ಬೇಕೆಂದು 1976ರಲ್ಲಿ ತಜ್ಞರ ಮಂಡಲಿಯೊಂದು ನಿಯಮಿತವಾಯಿತು. ಬಿ.ಎಂ.ಡಬ್ಲ್ಯು.ಪಿ. ಎಂಬ ಅಕ್ಷರಗಳಿಂದ ಪ್ರಸಿದ್ಧವಾದ ಅಂಕಪದ್ಧತಿ ಆ ಮಂಡಲಿಯ ಫಲ. ಊರೂರಿನ ಜಲಪ್ರಾಧಿಕಾರಗಳ ನೌಕರರು, ಅವರಲ್ಲಿ ಬಹುಮಂದಿ ವರ್ಗೀಕರಣಶಾಸ್ತ್ರದ ವಿಶೇಷಜ್ಞರಲ್ಲದವರು, ಒಂದೇ ರೀತಿಯಲ್ಲಿ ಕೆಲಸಮಾಡಿ ಒಬ್ಬರ ಫಲಿತಾಂಶವನ್ನು ಇನ್ನೊಬ್ಬರದರೊಡನೆ ಹೋಲಿಸುವಂತಾಗಬೇಕೆಂಬುದು ಮುಖ್ಯೋದ್ದೇಶವಾದುದರಿಂದ, ಗುರುತಿಸುವಿಕೆಯನ್ನು ಕುಟುಂಬದ ಮಟ್ಟಕ್ಕೆ ನಿಲ್ಲಿಸಲಾಯಿತು. ಪ್ರತಿ ಕುಟುಂಬಕ್ಕೂ ಒಂದರಿಂದ ಹತ್ತರವರೆಗೆ ಒಂದು ಅಂಕ. ಕೊಳೆಯನ್ನು ಎಳ್ಳಷ್ಟೂ ಸೈರಿಸದ ಹೆಪ್ಟಜೆನಿಡೀ ಕುಟುಂಬದ ಮೇಫ್ಲೈಗಳಿಗೆ 10. ಬೀಟಿಡೀ ಕುಟುಂಬಕ್ಕೆ 4. ಅಸೆಲಿಡೀ ಎಂಬ ಚಪ್ಪಟೆಮೈಯ ವಲ್ಕವಂತ ಪ್ರಾಣಿಗಳಿಗೆ 3. ಕೈರೊನಾಮಿಡೀ ಕುಟುಂಬದ ನೊಣಗಳ ಡಿಂಭಗಳಿಗೆ 2. ಜಲಕೃಮಿಗಳನ್ನಂತೂ ಕುಟುಂಬವಾಗಿಯೂ ವಿಂಗಡಿಸದೆ, ಇಡೀ ವರ್ಗಕ್ಕೆ ಒಂದೇ ಅಂಕ, 1. ದೊರೆತ ಕುಟುಂಬಗಳ ಅಂಕಗಳನ್ನು ಕೂಡಿಸಿ, ಕುಟುಂಬಗಳ ಸಂಖ್ಯೆಯಿಂದ ಭಾಗಿಸಿದರೆ ಬರುವ ಸರಾಸರಿಯನ್ನು ಆರ್ಮಿಟೇಜ್ ಮತ್ತು ಸಂಗಡಿಗರು 1983ರಲ್ಲಿ ಪರೀಕ್ಷಿಸಿ, ಅದು ಒಟ್ಟು ಮೊತ್ತಕ್ಕಿಂತ ಹೆಚ್ಚು ನಂಬಿಕೆಗೆ ಅರ್ಹವೆಂದು ತೋರಿಸಿದರು.

ಈ ಪದ್ಧತಿ ಕೆಲಸಕ್ಕೆ ಬಂದಿತು ಎಂಬುದರಲ್ಲಿ ಸಂದೇಹವಿಲ್ಲ. ಸಾವಿರಾರು ಎಡೆಗಳನ್ನು ಒಂದೇ ಅಳತೆಯಲ್ಲಿ ಅಳೆದು ಇಡೀ ದೇಶದ ನದಿಗಳ ಪಟವನ್ನು ಬರೆಯಲು ಅದು ಶಕ್ತಿಯನ್ನು ಕೊಟ್ಟಿತು. ಆಸ್ಟ್ರೇಲಿಯ, ದಕ್ಷಿಣ ಆಫ್ರಿಕ ಮುಂತಾದ ದೇಶಗಳ ಪದ್ಧತಿಗಳೂ ಮುಖ್ಯವಾಗಿ ಕುಟುಂಬವನ್ನೇ ಆಧಾರವಾಗಿಟ್ಟುಕೊಂಡವು. ಆದರೆ ಈ ಸೌಕರ್ಯಕ್ಕೆ ನಾವು ಕೊಡುವ ಬೆಲೆಯೇನು ಎಂಬುದನ್ನು ಸ್ಪಷ್ಟವಾಗಿ ತಿಳಿದುಕೊಂಡಿರಬೇಕು.

ಕೈರೊನಾಮಿಡೀ ಕುಟುಂಬವನ್ನೇ ನಿದರ್ಶನಕ್ಕೆ ತೆಗೆದುಕೊಳ್ಳೋಣ. ಸಂಜೆಯ ದೀಪಕ್ಕೆ ಮುತ್ತುವ, ಸೊಳ್ಳೆಯಂತೆ ಕಂಡರೂ ಕಚ್ಚದ ಸಣ್ಣ ನೊಣಗಳು ಈ ಕುಟುಂಬದವು. ಸಾವಿರಾರು ಪ್ರಭೇದಗಳುಳ್ಳ ಈ ಕುಟುಂಬ ಬಹುತೇಕ ಪ್ರತಿಯೊಂದು ಹೊಳೆಯಲ್ಲಿಯೂ ಕೆರೆಯಲ್ಲಿಯೂ ಇದ್ದೇ ಇರುತ್ತದೆ. ಅನೇಕ ಸಂದರ್ಭಗಳಲ್ಲಿ ತಟ್ಟೆಯೊಳಗಿನ ಜೀವಿಗಳ ಪೈಕಿ ಅತ್ಯಧಿಕ ಸಂಖ್ಯೆಯವು ಇವೇ. ಇದರೊಳಗಿನ ಕೈರೊನಾಮಸ್ ಎಂಬ ಕುಲದ ಡಿಂಭಗಳು ತಮ್ಮ ಶರೀರದಲ್ಲಿ ಹೀಮೊಗ್ಲೋಬಿನ್ನನ್ನು ತುಂಬಿಕೊಂಡು ರಕ್ತವರ್ಣದಿಂದ ಕೂಡಿ, ಆಮ್ಲಜನಕ ಬಹುಮಟ್ಟಿಗೆ ಮುಗಿದುಹೋದ ಕಪ್ಪು ಕೆಸರಿನಲ್ಲಿಯೂ ಬದುಕುತ್ತವೆ. ಅದೇ ಕುಟುಂಬದ ಡಯಾಮೀಸ ಎಂಬ ಕುಲದ ಡಿಂಭಗಳಾದರೋ ಹಿಮನದಿಯ ಬಾಯಿಂದ ಆಗತಾನೆ ಹೊರಬಿದ್ದ, ಎರಡು ಡಿಗ್ರಿಗೂ ಏರದ ಶೀತಜಲದಲ್ಲಿ ಬೆಳೆಯುತ್ತವೆ. ನೇಪಾಳದ ಯಾಲಾ ಹಿಮನದಿಯ ಮೇಲೆ ಕೊಹ್‌ಶಿಮಾ ಎಂಬ ಜಪಾನೀ ವಿಜ್ಞಾನಿ ಕಂಡು 1984ರಲ್ಲಿ ವರದಿಮಾಡಿದ ಡಯಾಮೀಸವೊಂದು ಸೊನ್ನೆಗಿಂತ ಹದಿನಾರು ಡಿಗ್ರಿ ಕೆಳಗಿನ ಚಳಿಯಲ್ಲಿಯೂ ನಡೆದಾಡುತ್ತಿತ್ತು. ಕೊಳಚೆಯ ಕಾಲುವೆಯ ನಿವಾಸಿಗೂ ಹಿಮಗಿರಿಯ ನಿವಾಸಿಗೂ ಒಂದೇ ಹೆಸರನ್ನು ಬರೆದು, ಇಬ್ಬರಿಗೂ 2 ಎಂಬ ಒಂದೇ ಅಂಕವನ್ನು ಕೊಡುವುದಾದರೆ, ತಟ್ಟೆಯೊಳಗಿನ ಅತ್ಯಂತ ಬಹುಸಂಖ್ಯಾತ ಸಾಕ್ಷಿಯ ಬಾಯನ್ನು ನಾವು ಮೊದಲೇ ಕಟ್ಟಿದಂತಾಗುತ್ತದೆ.

ಹೈಡ್ರೋಸೈಕಿಡೀ ಎಂಬುದು ಹರಿಯುವ ನೀರಿನಲ್ಲಿ ರೇಷ್ಮೆಯಂಥ ಎಳೆಗಳಿಂದ ಬಲೆ ಹೆಣೆದು, ತೇಲಿಬಂದ ಆಹಾರವನ್ನು ಹಿಡಿಯುವ ಕ್ಯಾಡಿಸ್ ಕೀಟಗಳ ಕುಟುಂಬ. ಇಂಗ್ಲೆಂಡು ಮತ್ತು ವೇಲ್ಸಿನ ನದಿಗಳಲ್ಲಿ ಮೇಲಣ ಗುಡ್ಡದ ತೊರೆಯಿಂದ ಕೆಳಗಣ ಬಯಲಿನ ಹೊಳೆಯವರೆಗೆ ಇದರ ಪ್ರಭೇದಗಳು ಒಂದಾದ ಮೇಲೊಂದು ಸ್ಥಾನವನ್ನು ಹಂಚಿಕೊಂಡಿವೆ. ಹೈಡ್ರೋಸೈಕಿ ಇನ್‌ಸ್ಟಬಿಲಿಸ್ ಮೇಲಿನ ಸ್ವಚ್ಛ ತೊರೆಗಳಲ್ಲಿರುತ್ತದೆ. ಹೈಡ್ರೋಸೈಕಿ ಅಂಗುಸ್ಟಿಪೆನ್ನಿಸ್ ಬೆಚ್ಚನೆಯ, ಆಮ್ಲಜನಕ ಕಡಮೆಯಾದ, ಸ್ವಲ್ಪ ಕೊಳೆತ ನೀರನ್ನೂ ಸಹಿಸುತ್ತದೆ. ಮೊದಲನೆಯದು ಮಾಯವಾಗಿ ಎರಡನೆಯದು ಬಂದು ನೆಲೆಸಿದರೆ ನದಿಗೆ ಏನೋ ಸಂಭವಿಸಿದೆಯೆಂದೇ ಅರ್ಥ. ಕುಟುಂಬದ ಹೆಸರನ್ನು ಮಾತ್ರ ಬರೆದ ಕಡತದಲ್ಲಾದರೋ ಏನೂ ಸಂಭವಿಸಿಲ್ಲ: ನಿನ್ನೆಯೂ ಹೈಡ್ರೋಸೈಕಿಡೀ, ಇಂದೂ ಹೈಡ್ರೋಸೈಕಿಡೀ.

ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ಹಿಲ್ಸೆನ್‌ಹಾಫ್ ಎಂಬ ಕೀಟಶಾಸ್ತ್ರಜ್ಞರ ಅನುಭವವನ್ನು ಈ ಸಂದರ್ಭದಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳುವುದು ಯುಕ್ತ. ಕೊಳೆಯನ್ನು ಸಹಿಸುವ ಶಕ್ತಿಗೆ ಅನುಸಾರವಾಗಿ ಪ್ರತಿ ಕೀಟಕ್ಕೂ ಒಂದೊಂದು ಬೆಲೆಯನ್ನು ಗೊತ್ತುಮಾಡಿ, ಕುಲ ಮತ್ತು ಪ್ರಭೇದದ ಮಟ್ಟದಲ್ಲಿ ಲೆಕ್ಕಹಾಕುವ ಸೂಚ್ಯಂಕವನ್ನು ಅವರು 1977ರಿಂದ 1987ರವರೆಗೆ ತಿದ್ದಿ ತಿದ್ದಿ ರೂಪಿಸಿದ್ದರು. 1988ರಲ್ಲಿ, ಹೊಳೆಯ ದಂಡೆಯಲ್ಲಿಯೇ ಶೀಘ್ರವಾಗಿ ಮುಗಿಸಬಹುದಾದ ಪರೀಕ್ಷೆಗೆಂದು, ಕುಟುಂಬದ ಮಟ್ಟದ ಸೂಚ್ಯಂಕವನ್ನೂ ತಾವೇ ಸಿದ್ಧಪಡಿಸಿದರು. ಎರಡನ್ನೂ ಒಂದೇ ಹೊಳೆಗಳ ಮೇಲೆ ಪ್ರಯೋಗಿಸಿ ನೋಡಿದಾಗ ಅವರಿಗೆ ಕಂಡುಬಂದುದೇನೆಂದರೆ, ಕುಟುಂಬದ ಸೂಚ್ಯಂಕ ಶುದ್ಧವಾದ ಹೊಳೆಯನ್ನು ಇರುವುದಕ್ಕಿಂತ ಕೆಟ್ಟುದೆಂದೂ, ಕೆಟ್ಟ ಹೊಳೆಯನ್ನು ಇರುವುದಕ್ಕಿಂತ ಒಳ್ಳೆಯದೆಂದೂ ಸಾಮಾನ್ಯವಾಗಿ ಹೇಳುತ್ತದೆ ಎಂಬುದು. ಇದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಕುಟುಂಬಕ್ಕೆ ಕೊಟ್ಟ ಬೆಲೆ ಅದರ ಸದಸ್ಯರ ಬೆಲೆಗಳ ಮಧ್ಯದಲ್ಲೆಲ್ಲೋ ಇರತಕ್ಕದ್ದು. ಸ್ವಚ್ಛವಾದ ಹೊಳೆಯಲ್ಲಿ ಇರುವವು ಆ ಕುಟುಂಬದ ಸುಕುಮಾರ ಪ್ರಭೇದಗಳು. ಅವುಗಳಿಗೆ ಮಧ್ಯಮ ಬೆಲೆ ದೊರೆತಾಗ ಹೊಳೆಯ ಗೌರವ ಕುಗ್ಗುತ್ತದೆ. ಕೊಳೆತ ಹೊಳೆಯಲ್ಲಿ ಉಳಿದಿರುವವು ಅದೇ ಕುಟುಂಬದ ಒರಟು ಪ್ರಭೇದಗಳು. ಅವುಗಳಿಗೂ ಮಧ್ಯಮ ಬೆಲೆಯೇ ದೊರೆತು, ಹೊಳೆ ತನಗೆ ಸಲ್ಲದ ಮರ್ಯಾದೆಯನ್ನು ಪಡೆಯುತ್ತದೆ. ಒಂದು ಮನೆತನದ ಹೆಸರನ್ನು ಕೇಳಿ ಅದರಲ್ಲಿ ಹುಟ್ಟಿದ ಸಜ್ಜನನನ್ನೂ ದುರ್ಜನನನ್ನೂ ಸಮನಾಗಿ ಕಂಡರೆ ಸಜ್ಜನನಿಗೆ ಅನ್ಯಾಯ, ದುರ್ಜನನಿಗೆ ಲಾಭ. ಇಲ್ಲಿ ಆಗುವುದೂ ಅದೇ. ಪರಿವೀಕ್ಷಣೆಯ ಕೆಲಸವಾದರೋ ಮುಖ್ಯವಾಗಿ ಈ ಎರಡು ಕೊನೆಗಳಲ್ಲಿಯೇ ಇದೆ. ರಕ್ಷಿಸಬೇಕಾದ ಹೊಳೆ ಯಾವುದು, ದಂಡನೆಗೆ ಅರ್ಹವಾದ ಕಾರ್ಯ ಎಲ್ಲಿ ನಡೆದಿದೆ ಎಂಬುದನ್ನು ತಿಳಿಸುವುದಕ್ಕಾಗಿಯೇ ಹುಟ್ಟಿದ ಅಳತೆ, ಆ ಎರಡು ಎಡೆಗಳಲ್ಲಿಯೇ ಮೊಂಡಾದರೆ ಅದನ್ನು ಎಚ್ಚರದಿಂದ ಬಳಸಬೇಕಾಗುತ್ತದೆ. ತಾವೇ ರೂಪಿಸಿದ ಸೂಚ್ಯಂಕದ ದೋಷವನ್ನು ತಾವೇ ಮುಚ್ಚುಮರೆಯಿಲ್ಲದೆ ಬರೆದ ಆ ವಿದ್ವಾಂಸರ ಪ್ರಾಮಾಣಿಕತೆ ಸ್ತುತ್ಯವಾದುದು.

ಹೀಗಿರುವಾಗ ಎಲ್ಲವನ್ನೂ ಪ್ರಭೇದದವರೆಗೇ ಗುರುತಿಸತಕ್ಕದ್ದೆಂದು ವಿಧಿಸಿಬಿಡಬಾರದೇ? ಹಾಗೆ ವಾದಿಸಿದವರೂ ಉಂಟು. 1975ರಲ್ಲಿ ರೆಶ್ ಮತ್ತು ಉನ್‌ಜಿಕರ್ ಎಂಬುವರು, ಒಂದಕ್ಕಿಂತ ಹೆಚ್ಚು ಪ್ರಭೇದಗಳ ಸಹಿಷ್ಣುತೆ ತಿಳಿದುಬಂದಿರುವ ಕುಲಗಳನ್ನು ಪರಿಶೀಲಿಸಿ, ಅವುಗಳ ಪೈಕಿ ಬಹುಪಾಲು ಕುಲಗಳಲ್ಲಿ ಪ್ರಭೇದ ಪ್ರಭೇದಕ್ಕೂ ಸಹಿಷ್ಣುತೆ ಬೇರೆಯಾಗಿರುವುದನ್ನು ತೋರಿಸಿಕೊಟ್ಟರು. ಆದರೆ ಹತ್ತು ವರ್ಷಗಳ ಬಳಿಕ, 1985ರಲ್ಲಿ, ಎಲಿಸ್ ಎಂಬಾತ ಇನ್ನೊಂದು ಪಕ್ಷವನ್ನು ಮುಂದಿಟ್ಟನು: ಕೇಳಿದ ಪ್ರಶ್ನೆಗೆ ಉತ್ತರ ದೊರೆಯುವಷ್ಟು ಆಳಕ್ಕೆ ಗುರುತಿಸಿದರೆ ಸಾಕು, ಅದಕ್ಕಿಂತ ಕೆಳಕ್ಕೆ ಇಳಿಯುವುದು ಶ್ರಮದ ಅಪವ್ಯಯ. ವರ್ಗೀಕರಣದ ಪರ್ಯಾಪ್ತಿ ಎಂದು ಕರೆಯಬಹುದಾದ ಈ ತತ್ತ್ವಕ್ಕೆ ಮೂರು ವರ್ಷಗಳಲ್ಲಿ ಬಲವಾದ ಬೆಂಬಲ ದೊರೆಯಿತು. 1988ರಲ್ಲಿ ವಾರ್ವಿಕ್ ಎಂಬ ಸಮುದ್ರಜೀವಶಾಸ್ತ್ರಜ್ಞರು, ಸ್ಕಾಟ್ಲೆಂಡಿನ ಲಾಕ್ ಲಿನ್ನಿ ಎಂಬ ಸಮುದ್ರದ ಚಾಚಿನಲ್ಲಿ ಕಾಗದದ ತಿರುಳಿನ ಕಾರ್ಖಾನೆಯ ಕಶ್ಮಲದಿಂದಾದ ಪರಿಣಾಮವನ್ನು ತೋರಿಸುವ ಅಂಕಿಅಂಶಗಳನ್ನೂ, ಅಂಥವೇ ಬೇರೆ ಕೆಲವನ್ನೂ ತೆಗೆದುಕೊಂಡು, ಪ್ರಭೇದಗಳನ್ನು ಕುಟುಂಬಗಳಾಗಿ ಕೂಡಿಸಿ ಪುನಃ ಲೆಕ್ಕಹಾಕಿ ನೋಡಿದರು. ಮಾಲಿನ್ಯದ ಚಿತ್ರ ಹೆಚ್ಚೇನೂ ಅಳಿಸಿಹೋಗಲಿಲ್ಲ. ಅಷ್ಟೇ ಅಲ್ಲ, ಕೆಲವು ಸಂದರ್ಭಗಳಲ್ಲಿ ಅದು ಹೆಚ್ಚು ಸ್ಪಷ್ಟವಾಗಿಯೇ ಕಾಣಬಹುದೆಂದು ಅವರ ಅಭಿಪ್ರಾಯ. ನೀರಿನ ಆಳ, ಮರಳಿನ ಕಣದ ಗಾತ್ರ ಮುಂತಾದ ಸಹಜ ವ್ಯತ್ಯಾಸಗಳು ಒಂದು ಪ್ರಭೇದವನ್ನು ತೆಗೆದು ಅದರ ಸೋದರ ಪ್ರಭೇದವನ್ನು ಇಡುತ್ತವೆ. ಘೋರವಾದ ಮಾಲಿನ್ಯವಾದರೋ ಕುಟುಂಬಕ್ಕೆ ಕುಟುಂಬವನ್ನೇ ಹೊಡೆದುಹಾಕುತ್ತದೆ. ಆದ್ದರಿಂದ ಕುಟುಂಬವನ್ನು ನೋಡುವವನಿಗೆ ಸಹಜವಾದ ಗದ್ದಲ ಕಡಮೆಯಾಗಿ ಮಾಲಿನ್ಯದ ಧ್ವನಿಯೇ ಎದ್ದು ಕೇಳಿಸಬಹುದು. 2001ರಲ್ಲಿ ಉತ್ತರ ಅಮೆರಿಕದ ಒಂದೇ ವಿದ್ವತ್‌ಪತ್ರಿಕೆಯಲ್ಲಿ ಎರಡು ಪಕ್ಷಗಳೂ ತಮ್ಮ ವಾದಗಳನ್ನು ಮಂಡಿಸಿದುವು. ಬೇಲಿ, ನಾರಿಸ್, ರೆನಾಲ್ಡ್‌ಸನ್ ಒಂದು ಕಡೆ, ಲೆನಾಟ್ ಮತ್ತು ರೆಶ್ ಇನ್ನೊಂದು ಕಡೆ.

ಎರಡು ಪಕ್ಷಗಳ ಮಾತನ್ನೂ ಓದಿದ ಮೇಲೆ ನನಗೆ ದೃಢವಾಗಿರುವ ಅಭಿಪ್ರಾಯವನ್ನು ಹೇಳುತ್ತೇನೆ. ಹೆಸರಿನ ಆಳವನ್ನು ನಿರ್ಣಯಿಸತಕ್ಕದ್ದು ಪ್ರಶ್ನೆ. ಪರೀಕ್ಷಕನ ಸೌಕರ್ಯವೂ ಅಲ್ಲ, ಪಾಂಡಿತ್ಯದ ಹೆಮ್ಮೆಯೂ ಅಲ್ಲ. ಊರಿನ ಕೊಳಚೆಯಿಂದ ನದಿ ಸತ್ತಿದೆಯೋ ಬದುಕಿದೆಯೋ ಎಂಬುದೇ ಪ್ರಶ್ನೆಯಾದರೆ ಪ್ರಭೇದದ ಹೆಸರು ಅನವಶ್ಯಕವೆನ್ನಿಸಬಹುದು. ಅಮೆರಿಕದ ಈರೀ ಮಹಾಸರೋವರದ ಪಶ್ಚಿಮ ಭಾಗದಲ್ಲಿ 1953ರ ಬೇಸಗೆಯ ಕೊನೆಗೆ ಗಾಳಿಯಿಲ್ಲದ ಬಿಸಿಯ ದಿನಗಳಲ್ಲಿ ತಳದ ನೀರಿನ ಆಮ್ಲಜನಕ ತೀರಿಹೋಗಿ, ಕೆಸರಿನಲ್ಲಿ ಬಿಲತೋಡಿ ಬಾಳುವ ಹೆಕ್ಸಜೀನಿಯ ಎಂಬ ಮೇಫ್ಲೈಗಳ ಡಿಂಭಗಳು ರಾಶಿರಾಶಿಯಾಗಿ ಸತ್ತುವು. ಅವು ಮರಳಿ ಹೇರಳವಾಗಿ ಕಾಣಿಸಿಕೊಂಡುದು 1990ರ ದಶಕದಲ್ಲಿ. ಆ ಸರೋವರದ ಕ್ಷಯವನ್ನೂ ಚೇತರಿಕೆಯನ್ನೂ ಅರಿಯಲು ಕುಲದ ಹೆಸರೊಂದೇ ಸಾಕಾಯಿತು. ಆ ಕುಲದೊಳಗಣ ಎರಡು ಪ್ರಭೇದಗಳನ್ನು ಬೇರ್ಪಡಿಸದೆಯೇ ಬೆಸ್ತರಿಗೂ ದಡದ ನಿವಾಸಿಗಳಿಗೂ ಸಂಗತಿ ತಿಳಿಯಿತು.

ಪ್ರಶ್ನೆ ಬೇರೆಯಾದೊಡನೆ ಉತ್ತರವೂ ಬೇರೆಯಾಗುತ್ತದೆ. ಡೈಕೆರೊಗ್ಯಾಮರಸ್ ವಿಲ್ಲೋಸಸ್ ಎಂಬ ಸೀಗಡಿಯಂಥ ಪ್ರಾಣಿ ಕಪ್ಪುಸಮುದ್ರ ಮತ್ತು ಕ್ಯಾಸ್ಪಿಯನ್ ಪ್ರಾಂತದ್ದು; 1992ರಲ್ಲಿ ಮೈನ್ ಮತ್ತು ಡಾನ್ಯೂಬ್ ನದಿಗಳನ್ನು ಕೂಡಿಸುವ ಕಾಲುವೆ ತೆರೆದ ಮೇಲೆ ಅದು ರೈನ್ ನದಿಗೆ ಹಬ್ಬಿ, 2010ರಲ್ಲಿ ಇಂಗ್ಲೆಂಡಿನ ಗ್ರ್ಯಾಫಮ್ ಜಲಾಶಯದಲ್ಲಿ ಪತ್ತೆಯಾಯಿತು. ತಿನ್ನುವುದಕ್ಕೆ ಬೇಕಾಗುವುದಕ್ಕಿಂತಲೂ ಹೆಚ್ಚು ಜೀವಿಗಳನ್ನು ಕೊಲ್ಲುವ ಕ್ರೂರ ಭಕ್ಷಕವದು. ಸ್ಥಳೀಯ ಗ್ಯಾಮರಸ್ ಪ್ರಭೇದಗಳನ್ನು ನಿರ್ಮೂಲಮಾಡುತ್ತದೆ. ಕುಟುಂಬದ ಅಂಕಪದ್ಧತಿಯಲ್ಲಿ ಕೊಂದದ್ದಕ್ಕೂ ಕೊಲೆಯಾದುದಕ್ಕೂ ಗ್ಯಾಮರಿಡೀ ಎಂಬ ಒಂದೇ ಹೆಸರು, 6 ಎಂಬ ಒಂದೇ ಅಂಕ. ಪರದೇಶದ ಜೀವಿಯ ಪ್ರವೇಶವನ್ನು ಕಾಯುವುದು, ಅಳಿವಿನ ಅಂಚಿನಲ್ಲಿರುವ ಪ್ರಭೇದವನ್ನು ಕಾಪಾಡುವುದು, ನೀರು ಮೆಲ್ಲಮೆಲ್ಲನೆ ಬಿಸಿಯಾಗುತ್ತಿರುವುದರ ಪರಿಣಾಮವನ್ನು ಅರಿಯುವುದು, ಇವು ಪ್ರಶ್ನೆಗಳಾಗಿದ್ದ ಪಕ್ಷದಲ್ಲಿ ಪ್ರಭೇದದ ಹೆಸರಿಲ್ಲದೆ ಗತ್ಯಂತರವಿಲ್ಲ.

ಪ್ರಭೇದದ ಹೆಸರು ಬೇಕೆಂದು ಹೇಳುವುದು ಸುಲಭ. ಸರಿಯಾದ ಹೆಸರನ್ನು ಕೊಡುವುದು ಸುಲಭವಲ್ಲ. ಕೈರೊನಾಮಿಡೀ ಡಿಂಭವೊಂದನ್ನು ಗುರುತಿಸಬೇಕಾದರೆ ಅದರ ತಲೆಯನ್ನು ಕತ್ತರಿಸಿ, ಕ್ಷಾರದ್ರಾವಣದಲ್ಲಿ ತೊಳೆದು, ಗಾಜಿನ ಹಲಗೆಯ ಮೇಲೆ ಸರಿಯಾದ ಭಂಗಿಯಲ್ಲಿ ಕೂರಿಸಿ, ಬಾಯಿಯ ತಟ್ಟೆಯ ಮೇಲಿನ ಹಲ್ಲುಗಳನ್ನು ಹೆಚ್ಚು ವರ್ಧನದ ಸೂಕ್ಷ್ಮದರ್ಶಕದಲ್ಲಿ ಎಣಿಸಬೇಕು. ಜಲಕೃಮಿಗಳಲ್ಲಿ ಅನೇಕವನ್ನು ಅವು ಪ್ರಾಯಕ್ಕೆ ಬಂದಿಲ್ಲದಿದ್ದರೆ ಗುರುತಿಸಲಿಕ್ಕೇ ಆಗದು. ಮೇಫ್ಲೈ ಡಿಂಭಗಳ ಕಿವಿರುಗಳೂ ಬಾಲಗಳೂ ಬಲೆಯಲ್ಲಿಯೇ ಮುರಿದು ಬೀಳುತ್ತವೆ. ಎಳೆಯ ಡಿಂಭದಲ್ಲಿ ಪ್ರಭೇದದ ಲಕ್ಷಣಗಳು ಇನ್ನೂ ಮೂಡಿರುವುದೇ ಇಲ್ಲ. ಇಂಥಲ್ಲಿ ಧೈರ್ಯಮಾಡಿ ಬರೆದ ಪ್ರಭೇದದ ಹೆಸರು, ವಿನಯದಿಂದ ಬರೆದ ಕುಟುಂಬದ ಹೆಸರಿಗಿಂತ ಕೀಳಾದುದೆಂದೇ ನನ್ನ ಭಾವನೆ. ಏಕೆಂದರೆ ಕುಟುಂಬದ ಹೆಸರಿನಲ್ಲಿ ಮಾಹಿತಿ ಕಡಮೆಯಿದ್ದರೂ ಸುಳ್ಳಿಲ್ಲ. ತಪ್ಪಾಗಿ ಬರೆದ ಪ್ರಭೇದದ ಹೆಸರಾದರೋ ಒಮ್ಮೆ ಕಡತವನ್ನು ಸೇರಿದ ಮೇಲೆ ಮುಂದಿನವರಿಗೆ ಪ್ರಮಾಣವಾಗಿ ಪರಿಣಮಿಸುತ್ತದೆ. ವಿದ್ವಾಂಸರಿಗೇ ಇಲ್ಲಿ ವಿಸ್ಮಯಗಳು ಕಾದಿರುತ್ತವೆ. ಯೂರೋಪಿನಲ್ಲೆಲ್ಲ ಅತಿ ಸಾಮಾನ್ಯವೆಂದು ಭಾವಿಸಿದ್ದ, ಆರಂಭದಲ್ಲಿ ನಾನು ಹೆಸರಿಸಿದ ಬೀಟಿಸ್ ರೊಡಾನಿಯೇ ಒಂದು ಪ್ರಭೇದವಲ್ಲ, ಹೊರನೋಟಕ್ಕೆ ಒಂದೇ ತೆರನಾಗಿ ಕಾಣುವ ಹಲವು ವಂಶಗಳ ಸಮೂಹ ಎಂಬುದು 2006ರಲ್ಲಿ ಅದರ ಡಿಎನ್‌ಎಯನ್ನು ಪರೀಕ್ಷಿಸಿದಾಗ ಬೆಳಕಿಗೆ ಬಂದಿತು.

ಡಿಎನ್‌ಎಯ ಮಾತು ಬಂದುದರಿಂದ, ಇನ್ನು ಈ ಪ್ರಶ್ನೆಯೇ ಉಳಿಯುವುದಿಲ್ಲವೆಂದು ಕೆಲವರು ಹೇಳುವುದನ್ನು ಪ್ರಸ್ತಾಪಿಸಬೇಕಾಗಿದೆ. ಕೆನಡದ ಪಾಲ್ ಹೀಬರ್ಟ್ 2003ರಲ್ಲಿ, ಜೀವಕೋಶದ ಮೈಟೊಕಾಂಡ್ರಿಯದಲ್ಲಿರುವ ಒಂದು ಜೀನಿನ ಸುಮಾರು 650 ಅಕ್ಷರಗಳಷ್ಟು ಉದ್ದದ ತುಣುಕನ್ನು ಓದಿ ಪ್ರಾಣಿಗಳ ಪ್ರಭೇದವನ್ನು ಗುರುತಿಸಬಹುದೆಂದು ಸೂಚಿಸಿದ ಮೇಲೆ, ತಟ್ಟೆಯ ಜೀವಿಗಳನ್ನೆಲ್ಲ ಒಟ್ಟಿಗೆ ಅರೆದು ಯಂತ್ರದಿಂದ ಹೆಸರುಗಳ ಪಟ್ಟಿಯನ್ನು ಪಡೆಯುವ ಕ್ರಮವೂ ಬೆಳೆದುಬಂದಿದೆ. ಇದು ದೊಡ್ಡ ಸಾಧನೆಯೇ. ಆದರೆ ಯಂತ್ರ ಓದಿದ ತುಣುಕು ಯಾರದೆಂದು ಹೇಳಲು, ಆ ಪ್ರಾಣಿಯನ್ನು ಹಿಂದೆ ಯಾರಾದರೂ ಹಿಡಿದು, ಬಲ್ಲವರು ಹೆಸರಿಟ್ಟು, ಅದರ ತುಣುಕನ್ನು ಭಂಡಾರದಲ್ಲಿ ಸೇರಿಸಿರಬೇಕು. ಹೆಸರಿಲ್ಲದ ಪ್ರಾಣಿಗೆ ಯಂತ್ರ ಹೆಸರನ್ನು ಹುಟ್ಟಿಸಲಾರದು.

ಇನ್ನು ನಮ್ಮ ನಾಡಿನ ವಿಚಾರ. ಭಾರತದ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಲಿ ನಮ್ಮ ನದಿಗಳಿಗಾಗಿ ರೂಪಿಸಿದ ಜೈವಿಕ ಮಾನದಂಡವು ಬ್ರಿಟನ್ನಿನ ಅಂಕಪದ್ಧತಿಯನ್ನೇ ಮಾರ್ಪಡಿಸಿ ಮಾಡಿದ್ದು. ಕುಟುಂಬಗಳಿಗೆ ಕೊಟ್ಟ ಅಂಕಗಳ ಸರಾಸರಿಯೊಡನೆ ಜೀವವೈವಿಧ್ಯದ ಅಂಕವೊಂದನ್ನೂ ಸೇರಿಸಿ, ನೀರನ್ನು ನೀಲಿಯಿಂದ ಕೆಂಪಿನವರೆಗೆ ಐದು ದರ್ಜೆಗಳಾಗಿ ಅದು ವಿಂಗಡಿಸುತ್ತದೆ. ಬೆಂಗಳೂರಿನ ಏಟ್ರೀ ಸಂಸ್ಥೆ 2007ರಲ್ಲಿ ಪ್ರಕಟಿಸಿದ, ಸುಬ್ರಮಣಿಯನ್ ಮತ್ತು ಶಿವರಾಮಕೃಷ್ಣನ್ ಅವರು ಬರೆದ ಜಲಕೀಟಗಳ ಕೈಪಿಡಿಯೂ ಈ ಕೆಲಸಕ್ಕೆ ಇಳಿಯುವವರಿಗೆ ದೊಡ್ಡ ಆಸರೆ. ನಮ್ಮ ಇಂದಿನ ಸ್ಥಿತಿಯಲ್ಲಿ ಕುಟುಂಬದ ಮಟ್ಟದಲ್ಲಿ ನಿಲ್ಲುವುದೇ ಪ್ರಾಮಾಣಿಕವಾದ ಕ್ರಮವೆಂದು ನಾನು ಒಪ್ಪುತ್ತೇನೆ. ಸಹ್ಯಾದ್ರಿಯ ತೊರೆಗಳ ಡಿಂಭಗಳಲ್ಲಿ ಎಷ್ಟೋ ಪಾಲಿಗೆ ಅವು ಬೆಳೆದು ಯಾವ ರೆಕ್ಕೆಯ ಕೀಟವಾಗುತ್ತವೆಂಬುದೇ ನಿರ್ಧಾರವಾಗಿಲ್ಲ. ಏರೋಪ್ಲೇನ್ ಚಿಟ್ಟೆ ಎಂದು ಮಕ್ಕಳು ಕರೆಯುವ ಕೀಟಗಳನ್ನೇ ನೋಡಿ: ಸೈನ್ಯದ ವೈದ್ಯರಾಗಿದ್ದ ಫ್ರೇಸರ್ ಎಂಬುವರು ಕೊಡಗೇ ಮೊದಲಾದ ಕಡೆಗಳಲ್ಲಿ ಅಲೆದು ಸಂಗ್ರಹಿಸಿ, 1933, 1934, 1936ರಲ್ಲಿ ಮೂರು ಸಂಪುಟಗಳಲ್ಲಿ ಅವುಗಳನ್ನು ಪ್ರಭೇದಶಃ ವರ್ಣಿಸಿದರು. ಹಾರುವ ಪ್ರೌಢಕೀಟದ ಹೆಸರು ಹೀಗೆ ಗೊತ್ತಿದ್ದರೂ, ನೀರಿನಲ್ಲಿ ನಮ್ಮ ಬಲೆಗೆ ಬೀಳುವ ಅದರ ಡಿಂಭದ ವರ್ಣನೆ ಅನೇಕ ಪ್ರಭೇದಗಳಿಗೆ ಇಂದಿಗೂ ಇಲ್ಲ.

ಆದರೆ ಕುಟುಂಬದ ಅಂಕಗಳನ್ನು ಪರದೇಶದಿಂದ ಎರವಲು ತರುವಾಗ ಒಂದು ಎಚ್ಚರಿಕೆ ಅವಶ್ಯ. ಶೀತದೇಶಗಳ ಸ್ವಚ್ಛ ತೊರೆಗಳಲ್ಲಿ ಸ್ಟೋನ್‌ಫ್ಲೈ ಎಂಬ ಕಲ್ಲುನೊಣಗಳ ಹಲವು ಕುಟುಂಬಗಳು ವಾಸಿಸುತ್ತವೆ. ಒಂದೊಂದೂ ಹೆಚ್ಚಿನ ಅಂಕವನ್ನು ತರುತ್ತದೆ. ನಮ್ಮ ದಕ್ಷಿಣದ ಬೆಟ್ಟಗಳಲ್ಲಿ ಈ ಗಣವನ್ನು ಪ್ರತಿನಿಧಿಸುವುದು ಬಹುಮಟ್ಟಿಗೆ ಪರ್ಲಿಡೀ ಎಂಬ ಒಂದೇ ಕುಟುಂಬ. ಉಳಿದ ಕುಟುಂಬಗಳು ಕಾಣದಿರುವುದು ಭೂಗೋಳದ ಕಾರಣದಿಂದ. ಅದಕ್ಕಾಗಿ ನಮ್ಮ ತೊರೆಯನ್ನು ಮಲಿನವೆಂದು ಕರೆಯುವುದು ಸಲ್ಲದು. ನಮ್ಮ ನದಿಗಳ ಅಂಕಗಳನ್ನು ನಮ್ಮ ನದಿಗಳಲ್ಲಿಯೇ ಅಳೆದು ಗೊತ್ತುಮಾಡಬೇಕು. ಹಾಗೆ ಗೊತ್ತುಮಾಡಲು ಕೆಲವರಾದರೂ ಪ್ರಭೇದದವರೆಗೆ ಇಳಿದು ನೋಡಿರಲೇಬೇಕು. ಕುಟುಂಬಕ್ಕೆ ಕೊಟ್ಟ ಅಂಕವೆಂಬುದು ಅದರ ಪ್ರಭೇದಗಳನ್ನು ಕುರಿತು ಯಾರೋ ಪಡೆದ ಜ್ಞಾನದ ಸಾರವಲ್ಲದೆ ಬೇರೆಯಲ್ಲ. ಆ ಜ್ಞಾನದ ಬುಗ್ಗೆ ಬತ್ತಿದರೆ ಮೇಲಿನ ಅಂಕವೂ ಹಳಸುತ್ತದೆ.

ನಮ್ಮಲ್ಲಿ ಅಂಥ ಶ್ರಮಪಟ್ಟವರು ಇಲ್ಲದೆ ಇಲ್ಲ. ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳು ನೀರಿನ ಗುಣವನ್ನು ತಿಳಿಸುವುದರಲ್ಲಿ ಪ್ರಾಣಿಗಳಿಗೆ ಸರಿಸಮ. ಅವುಗಳಲ್ಲಿ ಸೂಕ್ಷ್ಮವಾದ ಸೂಚ್ಯಂಕಗಳೆಲ್ಲ ಪ್ರಭೇದದ ಹೆಸರನ್ನೇ ಅಪೇಕ್ಷಿಸುತ್ತವೆ. ಕಳೆದ ಶತಮಾನದ ಮಧ್ಯಭಾಗದಲ್ಲಿ ಎಚ್. ಪಿ. ಗಾಂಧಿ ಎಂಬ ಸಸ್ಯಶಾಸ್ತ್ರಜ್ಞರು ಧಾರವಾಡ, ಸಾಗರ, ಜೋಗ ಮುಂತಾದ ಎಡೆಗಳ ಡಯಾಟಮ್‌ಗಳನ್ನು ಪ್ರಭೇದ ಪ್ರಭೇದವಾಗಿ ವರ್ಣಿಸಿ ಲೇಖನಗಳನ್ನು ಪ್ರಕಟಿಸಿದರು. ಮಾಲಿನ್ಯದ ಸೂಚ್ಯಂಕಗಳ ಮಾತು ನಮ್ಮಲ್ಲಿ ಕೇಳಿಬರುವುದಕ್ಕೂ ಮುಂಚಿನ ಆ ವರ್ಣನೆಗಳಿಂದಲೇ, ಆ ನೀರುಗಳು ಅಂದು ಹೇಗಿದ್ದುವು ಎಂಬುದನ್ನು ಇಂದಿನವರು ತಿಳಿಯಬಹುದಾಗಿದೆ.

ಕೆಲಸಕ್ಕೆ ಇಳಿಯುವವರಿಗೆ ವಿವೇಕದ ಮಾರ್ಗವೊಂದುಂಟು. ಎಲ್ಲ ಕುಟುಂಬಗಳಿಗೂ ಒಂದೇ ಆಳವನ್ನು ವಿಧಿಸಬೇಕಾದುದಿಲ್ಲ. ಬ್ರಿಟನ್ನಿನ ಹೊಳೆಗಳ ಅಸೆಲಿಡೀ ಕುಟುಂಬದಂತೆ, ಸದಸ್ಯರು ಕೆಲವೇ ಇದ್ದು ಅವರ ಸ್ವಭಾವವೂ ಸರಿಸುಮಾರು ಒಂದೇ ಆಗಿರುವಲ್ಲಿ ಕುಟುಂಬದ ಹೆಸರೇ ಸಾಕು. ಕೈರೊನಾಮಿಡೀ, ಹೈಡ್ರೋಸೈಕಿಡೀ, ಬೀಟಿಡೀಗಳಂತೆ ಒಳಗೆ ಭಿನ್ನಸ್ವಭಾವದವರು ತುಂಬಿರುವಲ್ಲಿ ಕುಲಕ್ಕಾದರೂ ಇಳಿಯಬೇಕು. ಯಾವುದನ್ನು ಎಲ್ಲಿಯವರೆಗೆ ಗುರುತಿಸಲಾಗಿದೆ ಎಂಬುದನ್ನು ಮೊದಲೇ ನಿಶ್ಚಯಿಸಿ, ವರದಿಯಲ್ಲಿ ಬರೆದು, ವರ್ಷವರ್ಷವೂ ಅದನ್ನೇ ಪಾಲಿಸತಕ್ಕದ್ದು. ಒಂದು ವರ್ಷ ಕುಲವನ್ನೂ ಮರುವರ್ಷ ಪ್ರಭೇದವನ್ನೂ ಎಣಿಸಿದರೆ ನದಿಯಲ್ಲಿ ಏನೂ ಬದಲಾಗದೆಯೇ ಜೀವವೈವಿಧ್ಯ ಹೆಚ್ಚಿದಂತೆ ತೋರುತ್ತದೆ. ಬ್ರಿಟನ್ನಿನಲ್ಲಿ ಮಾಡುತ್ತಿದ್ದಂತೆ, ಪರೀಕ್ಷಿಸಿದ ಮಾದರಿಗಳ ಒಂದಂಶವನ್ನು ಬೇರೊಂದು ಪ್ರಯೋಗಶಾಲೆಗೆ ಕೊಟ್ಟು ಮರುಪರೀಕ್ಷೆ ಮಾಡಿಸುವುದೂ ಕರ್ತವ್ಯ.

ಎಲ್ಲಕ್ಕಿಂತ ಮುಖ್ಯವಾಗಿ, ನಮ್ಮ ಕಾಲೇಜುಗಳ ಪ್ರಾಣಿಶಾಸ್ತ್ರದ ಅಧ್ಯಾಪಕರಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ, ಮಾಲಿನ್ಯ ಪರೀಕ್ಷೆಯ ಹೊಣೆ ಹೊತ್ತ ಅಧಿಕಾರಿಗಳಲ್ಲಿಯೂ ನನ್ನದೊಂದು ಬಿನ್ನಹವಿದೆ. ಎಣಿಕೆ ಮುಗಿದೊಡನೆ ಜೀವಿಗಳನ್ನು ಚೆಲ್ಲಬೇಡಿರಿ. ಅವುಗಳನ್ನು ಮದ್ಯಸಾರದಲ್ಲಿ ಹಾಕಿ, ಹೊಳೆಯ ಹೆಸರು, ಸ್ಥಳ, ತಾರೀಖು, ಸಂಗ್ರಹಿಸಿದವರ ಹೆಸರು ಇವನ್ನು ಪೆನ್ಸಿಲಿನಿಂದ ಬರೆದ ಚೀಟಿಯನ್ನು ಸೀಸೆಯ ಒಳಗೇ ಇಟ್ಟು ಕಾಪಾಡಿರಿ. ಇಂದು ಕುಟುಂಬದ ಹೆಸರಿಗಿಂತ ಹೆಚ್ಚಿನದನ್ನು ಹೇಳಲು ನಮ್ಮಿಂದ ಆಗದಿರಬಹುದು. ಹೇಳಬಲ್ಲವರು ಮುಂದೆ ಬಂದಾಗ, ಇಂದಿನ ತುಂಗೆಯಲ್ಲಿ, ಕಾಳಿಯಲ್ಲಿ, ಶರಾವತಿಯಲ್ಲಿ ಏನಿತ್ತು ಎಂಬುದಕ್ಕೆ ಅವರ ಕೈಗೆ ಸಾಕ್ಷ್ಯ ದೊರೆಯುವಂತೆ ಮಾಡಿರಿ.